ದ್ರೋಣನ ಪರೀಕ್ಷೆಯಲ್ಲಿ ಫೇಲಾದವನ ಪರವಾಗಿ

ಮಹಾಭಾರತದ ಆ ಪರೀಕ್ಷೆ ನಮಗೆಲ್ಲ ಬಾಯಿಪಾಠ. ಮರದ ಮೇಲೊಂದು ಹಕ್ಕಿ. ಬಿಲ್ಲು ಹೂಡಿ ನಿಂತ ಶಿಷ್ಯರನ್ನು ದ್ರೋಣ ಒಬ್ಬೊಬ್ಬರನ್ನಾಗಿ ಕೇಳುತ್ತಾನೆ: ಏನು ಕಾಣುತ್ತಿದೆ? ಧರ್ಮರಾಯನಿಗೆ ಮರ ಕಾಣುತ್ತದೆ, ಹಕ್ಕಿ ಕಾಣುತ್ತದೆ, ತಮ್ಮಂದಿರು ಕಾಣುತ್ತಾರೆ, ಗುರುವೂ ಕಾಣುತ್ತಾನೆ. ಅವನನ್ನು ಪಕ್ಕಕ್ಕೆ ಸರಿಸಲಾಗುತ್ತದೆ. ಅರ್ಜುನನಿಗೆ ಹಕ್ಕಿಯ ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅವನು ಪಾಸಾಗುತ್ತಾನೆ. ಏಕಾಗ್ರತೆಯ ಪಾಠವೆಂದು ಈ ಕತೆಯನ್ನು ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ಆದರೆ ಆ ಪರೀಕ್ಷೆ ಬಾಣ ಬಿಡುವವರಿಗೆ ಇಟ್ಟದ್ದು ಎಂಬುದನ್ನು ಯಾಕೋ ಹೇಳುವುದಿಲ್ಲ. ಹಕ್ಕಿಯನ್ನು ನೋಡಲು ಬಂದವರಿಗೂ ಅದೇ ಪರೀಕ್ಷೆ ಯಾಕಿರಬೇಕು?

ಇರಬಾರದು ಎನ್ನುವುದು ನನ್ನ ವಾದ. ಇವತ್ತು ನಮ್ಮ ಹಕ್ಕಿ ಫೋಟೊಗ್ರಫಿಯ ಜಗತ್ತಿನಲ್ಲಿ ನಡೆಯುತ್ತಿರುವುದು ಮಾತ್ರ ಅದೇ ಪರೀಕ್ಷೆ. ಚೌಕಟ್ಟಿನ ತುಂಬ ಹಕ್ಕಿ ಇರಬೇಕು. ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಹೊಳೆಯಬೇಕು. ಗರಿಯ ಎಳೆ ಎಳೆ ಎಣಿಸಲು ಬರಬೇಕು. ಹಿಂದೆ ಏನಿದೆಯೋ ಅದೆಲ್ಲ ಕರಗಿ ಹಸಿರು ಗಂಜಿಯಾಗಬೇಕು. ಇಷ್ಟಾದರೆ ಮೆಚ್ಚುಗೆ, ಬಹುಮಾನ. ಆ ಹಕ್ಕಿ ಮುಧೋಳದ್ದೋ, ಮಂಡ್ಯದ್ದೋ, ಥಾಯ್ಲೆಂಡಿನದ್ದೋ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಚಿತ್ರದಲ್ಲಿ ಉತ್ತರವಿರುವುದಿಲ್ಲ.

ನಾನು ಮುಧೋಳ ಸೀಮೆಯ ತಿಮ್ಮಾಪುರದವ. ನಿಕಾನ್ ಕಂಪನಿ 1980ರ ದಶಕದಲ್ಲಿ ತಯಾರಿಸುತ್ತಿದ್ದ 200 ಎಂಎಂ ಎಫ್ 4 ಲೆನ್ಸನ್ನು ಬಳಸುತ್ತೇನೆ. ಅದಕ್ಕೆ ಜೂಮ್ ಇಲ್ಲ. 200 ಎಂದರೆ 200. ಆಟೊಫೋಕಸ್ ಇಲ್ಲ, ಉಂಗುರವನ್ನು ಕೈಯಿಂದಲೇ ತಿರುಗಿಸಬೇಕು. ಕೈ ನಡುಗಿದರೆ ಸರಿದೂಗಿಸುವ ಯಂತ್ರವೂ ಇಲ್ಲ. ತೂಕ ಅರ್ಧ ಕಿಲೋ. ಬಾಗಿಲು ಮುಚ್ಚುತ್ತಿದ್ದ ಒಂದು ಸ್ಟುಡಿಯೋದಿಂದ 5,500 ರೂಪಾಯಿಗೆ ತಂದದ್ದು. ನನ್ನ ಕಡಿಮೆ ದರ್ಜೆಯ ಡಿಜಿಟಲ್ ಬಾಡಿಗೆ ಅದನ್ನು ಹಾಕಿದರೆ ಬೆಳಕಿನ ಮೀಟರ್ ಕೂಡ ಕೆಲಸ ಮಾಡುವುದಿಲ್ಲ. ಆದರೂ ನಮ್ಮ ಭಾಗದ ಹಕ್ಕಿ, ಪ್ರಾಣಿ, ನೆಲದ ಬಗ್ಗೆ ಪ್ರಾಮಾಣಿಕವಾದ ಚಿತ್ರ ತೆಗೆಯಲು ಇಂಥ ಲೆನ್ಸು ಸಾಕು. ಸಾಕು ಮಾತ್ರವಲ್ಲ, ಒಂದೂವರೆ ಲಕ್ಷದ ಲೆನ್ಸಿಗಿಂತ ಇದೇ ಹೆಚ್ಚು ಸರಿ ಎಂದು ವಾದಿಸಲು ಹೊರಟಿದ್ದೇನೆ.

ಮೊದಲು ಒಂದು ಗುಂಪನ್ನು ದೂರವಿಡುತ್ತೇನೆ. 'ವಿಂಟೇಜ್' ಎನ್ನುವ ಪದದ ಮೇಲೆ ಬದುಕುವವರು. ಹಳೆಯ ಲೆನ್ಸಿಗೆ ಆತ್ಮವಿದೆ, ಅದರ ಬಣ್ಣದಲ್ಲಿ ಕನಸಿದೆ ಎಂದೆಲ್ಲ ಬರೆಯುತ್ತ, ಕಾಫಿ ಕಪ್ಪಿನ ಹಿಂದೆ ದೀಪಗಳನ್ನು ಮಸುಕಾಗಿಸಿ ಚಿತ್ರ ತೆಗೆಯುವವರು. ಅವರ ಹೊಗಳಿಕೆಯಿಂದ ಆದ ಉಪಕಾರವೆಂದರೆ ಹಳೆಯ ಲೆನ್ಸುಗಳ ಬೆಲೆ ಏರಿದ್ದು. ನನ್ನ ಲೆನ್ಸಿನಲ್ಲಿ ಆತ್ಮವಿಲ್ಲ. ಗಾಜಿದೆ, ಲೋಹವಿದೆ, ಸ್ವಲ್ಪ ದೂಳಿದೆ. ಎದುರು ಬಿಸಿಲಿಗೆ ಹಿಡಿದರೆ ಚಿತ್ರ ಬೆಳ್ಳಗೆ ಸಪ್ಪಗಾಗುತ್ತದೆ. ಪೂರ್ತಿ ತೆರೆದು ತೆಗೆದರೆ ಬೆಳ್ಳಕ್ಕಿಯ ಅಂಚಿಗೆ ನೇರಳೆ ಗೆರೆ ಬರುತ್ತದೆ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಹಾಕಿಡದಿದ್ದರೆ ಗಾಜಿನೊಳಗೆ ಬೂಸ್ಟು ಬೆಳೆಯುತ್ತದೆ. ಇವು ದೋಷಗಳು, ಇವನ್ನು ಸೊಗಸು ಎಂದು ಮಾರಬೇಕಿಲ್ಲ. ನಾನು ಹೇಳುತ್ತಿರುವುದು ಅದರ ಹಳೆಯತನದ ಮಾತಲ್ಲ, ಅದರ ಅಳತೆಯ ಮಾತು.

ಅಳತೆ ಎಂದರೆ ಲೆಕ್ಕ. ನಮ್ಮ ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳ ಕುರುಚಲು ಗುಡ್ಡಗಳಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವಿದೆ. ಚಿಂಕಾರ ನಾಚಿಕೆಯ ಪ್ರಾಣಿ, ಮನುಷ್ಯನನ್ನು ಕಂಡರೆ ನಿಲ್ಲುವುದಿಲ್ಲ. ಅದರ ಭುಜದ ಎತ್ತರ ಸುಮಾರು 65 ಸೆಂಟಿಮೀಟರ್. ನಿಮ್ಮಿಂದ 100 ಮೀಟರ್ ದೂರದಲ್ಲಿ ಅದು ನಿಂತಿದೆ ಎಂದಿಟ್ಟುಕೊಳ್ಳಿ. 200 ಎಂಎಂ ಲೆನ್ಸು ಅದನ್ನು ಸೆನ್ಸರಿನ ಮೇಲೆ 1.3 ಮಿಲಿಮೀಟರ್ ಎತ್ತರಕ್ಕೆ ಮೂಡಿಸುತ್ತದೆ. ಸಾಮಾನ್ಯ ಎಪಿಎಸ್-ಸಿ ಸೆನ್ಸರಿನ ಎತ್ತರ ಸುಮಾರು 16 ಮಿಲಿಮೀಟರ್. ಅಂದರೆ ಪ್ರಾಣಿ ಚಿತ್ರದ ಎತ್ತರದ ಹನ್ನೆರಡರಲ್ಲಿ ಒಂದು ಪಾಲು. ಉಳಿದದ್ದೆಲ್ಲ ಕಲ್ಲು, ಒಣಹುಲ್ಲು, ಜಾಲಿಗಿಡ, ಆಕಾಶ.

ಈಗ 600 ಎಂಎಂ ಹಾಕಿ. ಅದೇ ಪ್ರಾಣಿ 3.9 ಮಿಲಿಮೀಟರ್ ಆಗುತ್ತದೆ. ಚಿತ್ರದ ಕಾಲು ಪಾಲು. ಚೌಕಟ್ಟು ಇನ್ನೂ ತುಂಬಲಿಲ್ಲ. ಅರ್ಧವಾದರೂ ತುಂಬಬೇಕೆಂದರೆ 50 ಮೀಟರಿಗಿಂತ ಹತ್ತಿರ ಹೋಗಬೇಕು. ದೊಡ್ಡ ಲೆನ್ಸಿನ ಪರವಾಗಿ ಎಲ್ಲರೂ ಹೇಳುವ ಒಂದು ದೊಡ್ಡ ಮಾತು ಇಲ್ಲಿ ಬಿದ್ದುಹೋಗುತ್ತದೆ. ಉದ್ದ ಲೆನ್ಸಿದ್ದರೆ ದೂರದಲ್ಲೇ ನಿಲ್ಲಬಹುದು, ಪ್ರಾಣಿಗೆ ತೊಂದರೆಯಿಲ್ಲ ಎನ್ನುತ್ತಾರೆ. ಕಾಗದದ ಮೇಲೆ ಇದು ಸರಿ. ಆದರೆ ತುಂಬಿದ ಚೌಕಟ್ಟೇ ಗುರಿಯಾದಾಗ ಯಾವ ಲೆನ್ಸೂ ಸಾಲುವುದಿಲ್ಲ. 200 ಇದ್ದವನಿಗೆ 400 ಬೇಕು, 400 ಇದ್ದವನಿಗೆ 600 ಬೇಕು, 600 ಇದ್ದವನಿಗೆ ಇನ್ನೂ ಇಪ್ಪತ್ತು ಹೆಜ್ಜೆ ಬೇಕು. ಆ ಇಪ್ಪತ್ತು ಹೆಜ್ಜೆಯಲ್ಲೇ ಪ್ರಾಣಿ ಓಡುತ್ತದೆ. ಆಲಮಟ್ಟಿ ಹಿನ್ನೀರು ಇಳಿದು ಕೆಸರು ತೆರೆದುಕೊಂಡ ದಿನಗಳಲ್ಲಿ ಹೆರಕಲ್ ಕಡೆ ಫ್ಲೆಮಿಂಗೊಗಳು ಬರುತ್ತವೆ. ಮಾರುದ್ದ ಲೆನ್ಸು ಹಿಡಿದವರೇ ದಂಡೆಗೆ ಜೀಪು ಇಳಿಸಿದ್ದನ್ನು ಅಲ್ಲಿ ನೋಡಿದ್ದೇನೆ. ಹಾರುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟಿ ಎಬ್ಬಿಸಿದ್ದನ್ನೂ ನೋಡಿದ್ದೇನೆ. ಹಕ್ಕಿಯನ್ನು ಕದಲಿಸುವುದು ಲೆನ್ಸಿನ ಉದ್ದವಲ್ಲ, ತುಂಬಬೇಕೆಂಬ ಹಟ. 200 ಎಂಎಂ ಆ ಹಟವನ್ನು ಮೊದಲ ದಿನವೇ ಮುರಿಯುತ್ತದೆ. ಈ ಲೆನ್ಸಿನಲ್ಲಿ ತುಂಬುವುದಿಲ್ಲ, ಮುಗಿಯಿತು. ಇನ್ನು ಏನು ಕಾಣುತ್ತದೆಯೋ ಅದನ್ನೆಲ್ಲ ಸೇರಿಸಿ ಚಿತ್ರ ಕಟ್ಟಬೇಕು.

ಇನ್ನೊಂದು ಸಂಗತಿ ನಮ್ಮ ನೆಲದ್ದೇ. ಎರಿ ಹೊಲ ಕಾದರೆ ಅದರ ಮೇಲಿನ ಗಾಳಿ ಕುದಿಯತೊಡಗುತ್ತದೆ. ಮಾರ್ಚಿನಲ್ಲಿ ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ದೂರದ ಬದು ನೀರಿನಂತೆ ಅಲುಗುತ್ತದೆ. ಬಿಸಿಲುಗುದುರೆ ಎಂದು ನಮ್ಮ ಹಿರಿಯರು ಕರೆದದ್ದು ಇದನ್ನೇ. ಉದ್ದದ ಲೆನ್ಸು ಹಕ್ಕಿಯನ್ನು ದೊಡ್ಡದು ಮಾಡುವ ಹಾಗೆಯೇ ಈ ಕುದುರೆಯನ್ನೂ ದೊಡ್ಡದು ಮಾಡುತ್ತದೆ. ಹತ್ತು ಲಕ್ಷ ದಾಟುವ ಲೆನ್ಸಿಗೂ ಇದಕ್ಕೆ ಮದ್ದಿಲ್ಲ. ಆ ಹೊತ್ತಿನಲ್ಲಿ ಇಪ್ಪತ್ತು ಮೀಟರಿನೊಳಗೆ ತಾನಾಗಿ ಬರುವುದನ್ನು ಮಾತ್ರ ತೆಗೆಯಬೇಕು.

ತಾನಾಗಿ ಬರುವುದಕ್ಕೆ ನಮ್ಮಲ್ಲಿ ಬರವಿಲ್ಲ. ಕಾಲುವೆ ಪಕ್ಕದ ಕರೆಂಟಿನ ತಂತಿಯ ಮೇಲೆ ನೀಲಕಂಠ ಕೂರುತ್ತದೆ. ನಮ್ಮ ರಾಜ್ಯಪಕ್ಷಿ. ಕೆಳಗಿಳಿದು ಮಿಡತೆ ಹಿಡಿದು ಮತ್ತೆ ಅದೇ ತಂತಿಗೆ ಬರುತ್ತದೆ. ಗೀಜಗ ಬಾವಿಯ ಮೇಲೆ ಬಾಗಿದ ಕೊಂಬೆಯ ಗೂಡಿಗೆ ದಿನಕ್ಕೆ ನೂರು ಸಲ ಬರುತ್ತದೆ. ಕಪ್ಪು ಬಿಳುಪು ಮಿಂಚುಳ್ಳಿ ಘಟಪ್ರಭೆಯ ಮೇಲೆ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತ ನಿಂತು, ಆಮೇಲೆ ನೀರಿಗೆ ಬೀಳುತ್ತದೆ. ಕಬ್ಬು ಕಡಿಯುವ ಗ್ಯಾಂಗಿನ ಹಿಂದೆ ಬೆಳ್ಳಕ್ಕಿ, ರವದಿಗೆ ಬೆಂಕಿ ಹಚ್ಚಿದ ಕಡೆ ಕಾಜಾಣ. ಇವುಗಳ ಬೆನ್ನು ಹತ್ತಬೇಕಿಲ್ಲ. ಎಲ್ಲಿಗೆ ಬರುತ್ತವೆ ಎಂದು ತಿಳಿದರೆ ಅಲ್ಲಿಗೆ ಮೊದಲೇ ಫೋಕಸ್ ಮಾಡಿ ಕಾಯಬಹುದು. ಎಫ್ 8ಕ್ಕೆ ಇಟ್ಟ 200 ಎಂಎಂ ಲೆನ್ಸಿನಲ್ಲಿ, 10 ಮೀಟರ್ ದೂರದಲ್ಲಿ ಸುಮಾರು ಮುಕ್ಕಾಲು ಮೀಟರಿನಷ್ಟು ಆಳ ಸ್ಪಷ್ಟವಾಗಿ ಬರುತ್ತದೆ. ಗೀಜಗಕ್ಕೆ ಅಷ್ಟು ಧಾರಾಳ ಸಾಕು. ನೀಲಕಂಠಕ್ಕೂ ಸಾಕು.

ಮೀಟರಿಲ್ಲದ ಮಾತೂ ಹೀಗೇ. ಪೂರ್ತಿ ಬಿಸಿಲಿದ್ದಾಗ ಎಫ್ 16, ಶಟರ್ ವೇಗ ಐಎಸ್ಒ ಸಂಖ್ಯೆಯಷ್ಟು ಎಂಬುದು ಫಿಲ್ಮ್ ಕಾಲದ ಸೂತ್ರ. ಐಎಸ್ಒ 400 ಇದ್ದರೆ ಎಫ್ 16ಕ್ಕೆ ಸೆಕೆಂಡಿನ 400ರಲ್ಲಿ ಒಂದು ಪಾಲು. ಎಫ್ 8ಕ್ಕೆ ಬಂದರೆ 1600ರಲ್ಲಿ ಒಂದು ಪಾಲು. ಬೆಳ್ಳಕ್ಕಿಯ ಬಿಳುಪು ಉಳಿಯಬೇಕಾದರೆ ಇನ್ನೊಂದು ಹಂತ ಕಡಿಮೆ. ಜನವರಿಯಿಂದ ಮೇ ತನಕ ನಮ್ಮ ಬಿಸಿಲು ಯಾವ ಮೀಟರಿಗಿಂತಲೂ ನಂಬಿಕಸ್ಥ. ಇಷ್ಟನ್ನು ಕಲಿಯಲು ಒಂದು ವಾರ ಬೇಕು. ಕಲಿತ ಮೇಲೆ ಬೆಳಕನ್ನು ನೋಡುವ ಅಭ್ಯಾಸ ಉಳಿಯುತ್ತದೆ.

ಇದೆಲ್ಲ ಹಿಂದುಳಿದವರ ಸಮಾಧಾನ ಎನ್ನುವವರಿಗೆ ಇತಿಹಾಸದ ಒಂದು ತಾರೀಖು ನೆನಪಿಸಬೇಕು. ಆಟೊಫೋಕಸ್ ಇರುವ ಎಸ್ಎಲ್ಆರ್ ಕ್ಯಾಮೆರಾ ನಿಜವಾಗಿ ಜನರ ಕೈಗೆ ಬಂದದ್ದು 1985ರಲ್ಲಿ, ಮಿನೋಲ್ಟಾ 7000 ಮೂಲಕ. ಸಂಡೂರಿನ ಎಂ. ವೈ. ಘೋರ್ಪಡೆಯವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಎಂಬ ವನ್ಯಜೀವಿ ಚಿತ್ರಗಳ ಪುಸ್ತಕ ಹೊರಬಂದದ್ದು 1983ರಲ್ಲಿ. ಅದರ ಒಂದೊಂದು ಚಿತ್ರವೂ ಕೈಯಿಂದ ಉಂಗುರ ತಿರುಗಿಸಿ ತೆಗೆದದ್ದು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಅವರಿಗೆ ಹೆಸರು ತಂದ ಫಿಲ್ಮ್ ಕಾಲದ ಚಿತ್ರಗಳೂ ಅಂಥವೇ. ಮೂಡಿಗೆರೆಯ ಕಾಡಿನಲ್ಲಿ ಕ್ಯಾಮೆರಾ ಹಿಡಿದು ಕೂತ ತೇಜಸ್ವಿ ನಮಗೆ 'ಹಕ್ಕಿಪುಕ್ಕ' ಕೊಟ್ಟರು. ಆ ಪುಸ್ತಕ ಓದಿ ಹಕ್ಕಿ ನೋಡಲು ಹೊರಟ ಕನ್ನಡದ ಹುಡುಗರೆಷ್ಟೋ. ಅವರು ಯಾವ ಲೆನ್ಸು ಬಳಸುತ್ತಿದ್ದರು ಎಂದು ಕೇಳಿ ಹೊರಟವರು ಕಡಿಮೆ. ಈ ಹಿರಿಯರಲ್ಲಿ ಯಾರಿಗೂ ಉಪಕರಣದ ಬಗ್ಗೆ ತಾತ್ಸಾರವಿರಲಿಲ್ಲ. ಸಿಕ್ಕಿದ್ದರಲ್ಲಿ ಒಳ್ಳೆಯದನ್ನೇ ಬಳಸಿದರು. ಆದರೆ ಅವರ ಕಾಲದಲ್ಲಿ ಹಕ್ಕಿಯ ಬಳಿ ಕೂರುವುದು ಮೊದಲು ಬರುತ್ತಿತ್ತು.

ಈಗ ಯಾವುದು ಮೊದಲು ಬರುತ್ತದೆ? ನಮ್ಮ ಓಣಿಯ, ಡಿಗ್ರಿ ಎರಡನೇ ವರ್ಷದ ಹುಡುಗನೊಬ್ಬ ಹೋದ ವರ್ಷ ನನ್ನ ಬಳಿ ಬಂದ.

"ಕಾಕಾ, ಆರನೂರು ಎಂಎಂ ಇಲ್ಲಂದ್ರ ಹಕ್ಕಿ ಫೋಟೊ ತೆಗ್ಯಾಕ ಆಗೂದಿಲ್ಲಂತ. ಕಬ್ಬಿನ ಬಿಲ್ ಬಂದ್ ಮ್ಯಾಲೆ ಕೊಡಸ್ತೀನಿ ಅಂದಾನ ನಮ್ಮಪ್ಪ. ಕಮ್ಮಿ ಬಿದ್ದದ್ದಕ್ಕ ಸಾಲ ಮಾಡ್ತಾನಂತ."

"ಯಾವ ಹಕ್ಕಿ ತೆಗೀಬೇಕಂತ ಮಾಡೀಯೊ ತಮ್ಮಾ?"

"ಯಾವುದರ ಆಗ್ಲಿ ಕಾಕಾ. ಮೊದಲ ಲೆನ್ಸ್ ಬರಲಿ."

ಅವನ ಮಾತಿನಲ್ಲಿ ಅವನ ತಪ್ಪೇನೂ ಇಲ್ಲ. ಅವನು ನೋಡಿದ ಪ್ರತಿ ವಿಡಿಯೊ, ಓದಿದ ಪ್ರತಿ ಬರಹ ಅವನಿಗೆ ಅದನ್ನೇ ಕಲಿಸಿದೆ. ನಮ್ಮಲ್ಲಿ ಕಬ್ಬಿಗೆ ಟನ್ನಿಗೆ 3,000 ರೂಪಾಯಿಯ ಮೇಲೆ ಸಿಕ್ಕಿತೆಂದೇ ಹಿಡಿಯಿರಿ. ಒಂದೂವರೆ ಲಕ್ಷದ ಲೆನ್ಸೆಂದರೆ ಹೆಚ್ಚು ಕಡಿಮೆ 50 ಟನ್ ಕಬ್ಬು. ಒಂದೆಕರೆಯಲ್ಲಿ ಅಷ್ಟು ಬಂದರೆ ಒಳ್ಳೆಯ ಬೆಳೆ ಎನ್ನುತ್ತೇವೆ. ಬೀಜ, ಗೊಬ್ಬರ, ನೀರು, ಕಡಿತ, ಸಾಗಾಟ ಯಾವುದನ್ನೂ ಕಳೆಯದೆ ಇಡೀ ಒಂದು ವರ್ಷದ ಒಂದೆಕರೆಯನ್ನು ಕತ್ತಿನಲ್ಲಿ ತೂಗುಹಾಕಿಕೊಂಡು ಅವನು 'ಯಾವುದಾದರೂ' ಹಕ್ಕಿಯನ್ನು ಹುಡುಕಿಕೊಂಡು ಹೋಗಬೇಕು. ಇದು ಹವ್ಯಾಸಕ್ಕೆ ಕಟ್ಟಿಸಿಕೊಳ್ಳುವ ಪ್ರವೇಶ ಶುಲ್ಕವಾದರೆ, ನಮ್ಮ ಹೊಲಗಳ ಹಕ್ಕಿಗಳ ಚಿತ್ರ ತೆಗೆಯುವವರು ಯಾವತ್ತೂ ಬೇರೆ ಊರಿಂದ ಬಂದು ಹೋಗುವವರೇ ಆಗಿರುತ್ತಾರೆ.

ಒಂದು ತಿಂಗಳಿಗೆಂದು ಅವನಿಗೆ ನನ್ನ ಲೆನ್ಸು ಕೊಟ್ಟೆ. ಮೊದಲ ವಾರ ನಲವತ್ತು ಚಿತ್ರ ತೋರಿಸಿದ, ಮೂವತ್ತು ಮಸುಕು. ನಾಲ್ಕನೇ ವಾರ ಒಂದು ಚಿತ್ರ ತಂದ. ಅವರದೇ ಹೊಲದಲ್ಲಿ ಕಬ್ಬಿನ ಕಡಿತ ನಡೆದಿದೆ. ಬಾಗಿದ ಹೆಂಗಸಿನ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿ ಬೆಳ್ಳಕ್ಕಿಯೊಂದು ಕತ್ತು ಚಾಚಿ ನಿಂತಿದೆ. ಅದರಾಚೆ ಟ್ರ್ಯಾಕ್ಟರಿನ ಟ್ರಾಲಿ, ಇನ್ನೂ ಆಚೆ ಕಾರ್ಖಾನೆಯ ಚಿಮಣಿಯ ಮಸುಕು. ಬೆಳ್ಳಕ್ಕಿ ಯಾಕೆ ಅಲ್ಲಿದೆ, ಏನು ತಿನ್ನಲು ಬಂದಿದೆ, ಯಾರ ದುಡಿಮೆಯ ನೆರಳಿನಲ್ಲಿ ಅದರ ಊಟ ನಡೆದಿದೆ, ಎಲ್ಲವೂ ಆ ಒಂದು ಚಿತ್ರದಲ್ಲಿತ್ತು. ಹುಡುಗನಿಗೆ ಈಗಲೂ ದೊಡ್ಡ ಲೆನ್ಸಿನ ಆಸೆಯಿದೆ. ಇರಲಿ. ಆದರೆ ಈಗ ಅವನಿಗೆ ಯಾವ ಹಕ್ಕಿ ಎಂದು ಗೊತ್ತು.

ಅಂಥ ಚಿತ್ರಕ್ಕೆ ನಮ್ಮ ಸ್ಪರ್ಧೆಗಳಲ್ಲಿ ಜಾಗವಿಲ್ಲ. ಅಂತರರಾಷ್ಟ್ರೀಯ ಸಲೂನುಗಳ 'ನೇಚರ್' ವಿಭಾಗದ ವ್ಯಾಖ್ಯೆಯೇ ಮನುಷ್ಯನ ಕುರುಹು ಇರಕೂಡದು ಎನ್ನುತ್ತದೆ. ಮನುಷ್ಯ ಬದಲಿಸಿದ ಪರಿಸರಕ್ಕೆ ಒಗ್ಗಿಕೊಂಡ ಜೀವಿಗಳ ಕತೆಗೆ ಆ ಕುರುಹು ಅಗತ್ಯವಿದ್ದರೆ ಮಾತ್ರ ವಿನಾಯಿತಿ. ವಿನಾಯಿತಿ ಕಾಗದದ ಮೇಲಿದೆ, ತೀರ್ಪುಗಾರರ ಕಣ್ಣಿನಲ್ಲಿಲ್ಲ. ಒಂದು ಸ್ಪರ್ಧೆಗೆ ನಾನು ಕಳಿಸಿದ ನೀಲಕಂಠದ ಚಿತ್ರಕ್ಕೆ 'ತಂತಿ ಅಡ್ಡ ಬಂದಿದೆ' ಎಂಬ ಷರಾ ಬಂತು. ತಂತಿ ಯಾರಿಗೆ ಅಡ್ಡ ಬಂತು? ಹಕ್ಕಿ ಅದರ ಮೇಲೆಯೇ ಕೂತಿತ್ತು. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಮುತ್ತ ಮನುಷ್ಯ ಮುಟ್ಟದ ನಿಸರ್ಗವನ್ನು ಹುಡುಕಲು ಹೊರಟರೆ ಕಾಲು ಸವೆದೀತು. ಇಲ್ಲಿ ಕಾಲುವೆ, ಕಬ್ಬು, ಕಂಬ, ಪಂಪ್‌ಸೆಟ್ಟುಗಳ ನಡುವೆಯೇ ಹಕ್ಕಿ ಬದುಕುತ್ತದೆ, ಅವುಗಳಿಂದಲೇ ಸಾಯುತ್ತದೆ ಕೂಡ. ಆ ತಂತಿಯನ್ನು ಮಸುಕಾಗಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಿ, ಉಳಿದ ಚೆಂದದ ಹಕ್ಕಿಯನ್ನು ನಿಸರ್ಗ ಎಂದು ಕರೆಯುವುದು ಸುಳ್ಳು. ಸುಳ್ಳನ್ನು ಎಷ್ಟು ಸ್ಪಷ್ಟವಾಗಿ ಫೋಕಸ್ ಮಾಡಿದರೂ ಅದು ಸುಳ್ಳೇ.

ನನ್ನ ವಿರುದ್ಧದ ಮಾತುಗಳಲ್ಲಿ ಸರಿಯಿರುವುದನ್ನು ಒಪ್ಪುತ್ತೇನೆ. ದೂರದ ಕೆಸರಿನಲ್ಲಿರುವ ಸಣ್ಣ ಗದ್ದೆಗೊರವಗಳ ಜಾತಿ ಗುರುತಿಸಲು, ಗಣತಿ ಮಾಡಲು ಉದ್ದದ ಲೆನ್ಸು ಬೇಕು. ಪತ್ರಿಕೆಗೆ ದುಡಿಯುವವನಿಗೆ ಒಂದೇ ಅವಕಾಶ. ಅವನಿಗೆ ಆಟೊಫೋಕಸ್ ಬೇಕು. ಕಣ್ಣು ಮಂಜಾದವರಿಗೆ, ಕೈಬೆರಳು ಸ್ವಾಧೀನದಲ್ಲಿಲ್ಲದವರಿಗೆ ಆ ಯಂತ್ರ ದೊಡ್ಡ ಆಸರೆ. ನನ್ನ ಜಗಳ ಆ ಯಂತ್ರದೊಂದಿಗಲ್ಲ. ಅದು ಇಲ್ಲದವನ ಚಿತ್ರ ಚಿತ್ರವೇ ಅಲ್ಲ ಎನ್ನುವ ತೀರ್ಪಿನೊಂದಿಗೆ. ಹಕ್ಕಿಯ ಸುತ್ತಲಿನದೆಲ್ಲ ಕಸ ಎನ್ನುವ ಕಣ್ಣಿನೊಂದಿಗೆ.

ಸುತ್ತಲಿನದು ಕಸವಲ್ಲ ಎನ್ನುವುದನ್ನು ಬಾಗಲಕೋಟೆ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಯಾದ ಊರುಗಳ ಜನರ ಮನೆಗೆ ಹೋಗಿ ನೋಡಿ. ಮದುವೆಯ ಹಳೆಯ ಫೋಟೊ ತೋರಿಸುವಾಗ ಅವರು ಮದುಮಕ್ಕಳ ಮುಖದ ಮೇಲೆ ಬೆರಳಿಡುವುದಿಲ್ಲ. ಹಿಂದೆ ಕಾಣುವ ಕಟ್ಟೆಯ ಮೇಲೆ, ಬೇವಿನ ಗಿಡದ ಮೇಲೆ, ಅರ್ಧ ಮಾತ್ರ ಬಂದಿರುವ ಬಾಗಿಲಿನ ಮೇಲೆ ಇಡುತ್ತಾರೆ. "ಇದ ನೋಡ್ರಿ ನಮ್ಮ ಹಳೀ ಮನಿ." ಫೋಟೊ ತೆಗೆದವನು ಹಿನ್ನೆಲೆಯನ್ನು ಗಂಜಿ ಮಾಡದೆ ಬಿಟ್ಟದ್ದರಿಂದ ಒಂದು ಊರಿನ ಗುರುತು ಉಳಿಯಿತು. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಈಗ ನಮ್ಮ ಮುಂದಿದೆ. ಅದು ಆದ ದಿನ ಇನ್ನಷ್ಟು ಹೊಲ, ಇನ್ನಷ್ಟು ದಂಡೆ, ಇನ್ನಷ್ಟು ಊರು ನೀರಿನಡಿ ಹೋಗುತ್ತವೆ. ಫ್ಲೆಮಿಂಗೊ ನಿಲ್ಲುವ ಕೆಸರು ಎಲ್ಲಿಗೆ ಸರಿಯುತ್ತದೋ, ಸರಿಯದೆ ಹೋಗುತ್ತದೋ. ಆಗ ನಮ್ಮ ಬಳಿ ಸಾವಿರಾರು ಫ್ಲೆಮಿಂಗೊಗಳ ಕಣ್ಣು, ಕೊಕ್ಕು, ಗರಿ ಇರುತ್ತವೆ. ಅವು ಯಾವ ದಂಡೆಯಲ್ಲಿ ನಿಂತಿದ್ದವು, ದಂಡೆಯಾಚೆ ಯಾವ ಬೆಳೆಯಿತ್ತು, ಯಾರು ದನ ಮೇಯಿಸುತ್ತಿದ್ದರು ಎಂದು ತೋರಿಸುವ ಚಿತ್ರ ಎಷ್ಟಿರುತ್ತವೆ?

ಮುಧೋಳ ರನ್ನನ ಊರು. ಪಂಪ ಅರ್ಜುನನನ್ನು ನಾಯಕನಾಗಿ ಆರಿಸಿಕೊಂಡಿದ್ದ. ರನ್ನ ತನ್ನ ಕಾವ್ಯಕ್ಕೆ ಭೀಮನನ್ನು ಆರಿಸಿಕೊಂಡ. ಒಂದೇ ಕತೆಗೆ ಬೇರೆ ನಾಯಕ ಸಾಧ್ಯ ಎಂದು ತೋರಿಸಿದ ನೆಲ ಇದು. ಹಾಗಾಗಿ ಇಲ್ಲಿ ನಿಂತು ಧರ್ಮರಾಯನ ಪರ ವಕಾಲತ್ತು ವಹಿಸಲು ನನಗೆ ಸಂಕೋಚವಿಲ್ಲ. ಮರ ಕಾಣುತ್ತಿದೆ, ಹಕ್ಕಿ ಕಾಣುತ್ತಿದೆ, ಜನರೂ ಕಾಣುತ್ತಿದ್ದಾರೆ ಎಂದವನು ಬಿಲ್ಲುಗಾರನಾಗಿ ಸೋತಿರಬಹುದು. ಸಾಕ್ಷಿ ಹೇಳಲು ಕರೆದರೆ ನಾನು ಅವನನ್ನೇ ಕರೆಯುತ್ತೇನೆ.

ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಸೋದರಮಾವನ ಕಪಾಟಿನಲ್ಲೋ, ಮುಚ್ಚಿದ ಸ್ಟುಡಿಯೋದ ಅಟ್ಟದ ಮೇಲೋ ಒಂದು ಹಳೆಯ 135 ಅಥವಾ 200 ಎಂಎಂ ಲೆನ್ಸು ಇರುವ ಸಾಧ್ಯತೆ ಇದೆ. ಕೇಳಿ. ಟಾರ್ಚು ಹಾಕಿ ಒಳಗೆ ಬೂಸ್ಟಿದೆಯೇ ನೋಡಿ. ಉಂಗುರ ಸಲೀಸಾಗಿ ತಿರುಗುತ್ತದೆಯೇ, ಅಪರ್ಚರಿನ ಎಲೆಗಳಿಗೆ ಎಣ್ಣೆ ಹತ್ತಿಲ್ಲವೇ ನೋಡಿ. ಮಿರರ್‌ಲೆಸ್ ಬಾಡಿ ಇದ್ದರೆ ಅಗ್ಗದ ಅಡಾಪ್ಟರಿನಿಂದ ಹೆಚ್ಚುಕಡಿಮೆ ಯಾವ ಹಳೆಯ ಲೆನ್ಸನ್ನಾದರೂ ಕೂರಿಸಬಹುದು. ಸಾಲ ಮಾಡಬೇಡಿ. ಬಿಸಿಲು ಏರುತ್ತಿದ್ದಂತೆ ನಿಮ್ಮ ಊರಿನ ಬದುವಿಗೆ ಹೋಗಿ, ಎಫ್ 8ಕ್ಕೆ ಇಟ್ಟು, ಹಕ್ಕಿ ಬರುವ ಜಾಗಕ್ಕೆ ಉಂಗುರ ತಿರುಗಿಸಿ ಕುಳಿತುಕೊಳ್ಳಿ. ಹಕ್ಕಿ ಬಂದಾಗ ಅದರ ಹಿಂದೆ ಕಂಬವಿದ್ದರೆ ಇರಲಿ, ಚಿಮಣಿಯಿದ್ದರೆ ಇರಲಿ, ಸೊಪ್ಪು ಹೊತ್ತ ನಿಮ್ಮ ಅಕ್ಕನಿದ್ದರೆ ಅವಳೂ ಇರಲಿ.